ಅತ್ತೆಯ ಮುಖದಲ್ಲಿ ಈಗ ಯಾವ ರಸ?

ನಮ್ಮ ಅತ್ತೆ ತಮಗೆ ತಲೆನೋವು ಎಂದರೆ ನಂಬಬೇಡಿ. ತಲೆನೋವು ಇಲ್ಲ ಎಂದರೂ ನಂಬಬೇಡಿ. ಹಾಗಾದರೆ ಏನನ್ನು ನಂಬಬೇಕು ಎಂದು ಕೇಳುತ್ತೀರಾ? ಅದೇ ಪ್ರಶ್ನೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಾನು ವಡೋದರಾದಲ್ಲಿ ಓಡಾಡುತ್ತಿದ್ದೇನೆ. ಅವರು ನಗುತ್ತಿದ್ದರೆ ಕೋಪ ಬಂದಿದೆಯೋ ಎಂಬ ಅನುಮಾನ, ಕೋಪಿಸಿಕೊಂಡರೆ ಇದು ಯಾವ ನಾಟಕದ್ದೋ ಎಂಬ ಅನುಮಾನ. ಒಂದು ಸಂಜೆ ಅಡುಗೆಮನೆಯಲ್ಲಿ ಗಳಗಳ ಅಳುತ್ತಿದ್ದವರನ್ನು ನಾನು ತಬ್ಬಿಕೊಂಡು, ನೀರು ಕುಡಿಸಿ, ಜೀವನ ಎಂದರೆ ಹೀಗೇ ಎಂದೆಲ್ಲ ಹೇಳಿ ಸಮಾಧಾನ ಮಾಡಿದ ಮೇಲೆ, ಅವರು ಈರುಳ್ಳಿ ಹೆಚ್ಚುತ್ತಿದ್ದರೆಂದು ತಿಳಿಯಿತು. ಮೊದಲೇ ಹೇಳಬಾರದಿತ್ತೇ? ನಾನು ಬಹಳ ಚೆನ್ನಾಗಿ ಸಮಾಧಾನ ಮಾಡುತ್ತಿದ್ದೆನಂತೆ, ಮಧ್ಯದಲ್ಲಿ ನಿಲ್ಲಿಸಲು ಮನಸ್ಸು ಬರಲಿಲ್ಲವಂತೆ!

ಅತ್ತೆ ಎಂದರೆ ಗಂಡನ ತಾಯಿ ಎಂದುಕೊಳ್ಳಬೇಡಿ. ನನಗಿನ್ನೂ ಮದುವೆಯಾಗಿಲ್ಲ. ಇವರು ನಮ್ಮಪ್ಪನ ತಂಗಿ. ಮೈಸೂರಿನಲ್ಲಿ ಹುಟ್ಟಿ, ಅಲ್ಲೇ ಗುರುಗಳ ಹತ್ತಿರ ಭರತನಾಟ್ಯ ಕಲಿತು, ಕಲಿತದ್ದು ಸಾಲದೆಂದು ಇನ್ನಷ್ಟು ಕಲಿಯಲು ವಡೋದರಾಕ್ಕೆ ಬಂದರು. ಬಂದವರು ಇಲ್ಲಿನ ರಿಫೈನರಿಯಲ್ಲಿ ಎಂಜಿನಿಯರ್ ಆಗಿದ್ದ ಹಾಸನದ ಕಡೆಯವರೊಬ್ಬರನ್ನು ಮದುವೆಯಾಗಿ, ಗುಜರಾತಿ ನಾಟಕ, ಗುಜರಾತಿ ಸಿನಿಮಾ, ಕೊನೆಗೆ ಟಿವಿ ಧಾರಾವಾಹಿ ಎಂದು ಸಿಕ್ಕ ಕಡೆಯೆಲ್ಲ ಅಭಿನಯಿಸಿ ಇಲ್ಲಿಯೇ ಬೇರು ಬಿಟ್ಟರು. ನಾನು ವಿಮಾ ಕಂಪನಿಯ ಕೆಲಸದಲ್ಲಿ ಇಲ್ಲಿನ ಅಲ್ಕಾಪುರಿ ಬಡಾವಣೆಯ ಆಫೀಸಿಗೆ ವರ್ಗವಾಗಿ ಬಂದಾಗ, ಬಾಡಿಗೆ ಮನೆ ಸಿಗುವವರೆಗೆ ಎಂದು ಅವರಲ್ಲಿ ಇಳಿದುಕೊಂಡೆ. ಮನೆ ಸಿಕ್ಕಿತು, ನಾನು ಹೋಗಲಿಲ್ಲ. ಟಿಕೆಟ್ ಇಲ್ಲದೆ ದಿನಾ ನಾಟಕ ನೋಡುವ ಭಾಗ್ಯ ಯಾರಿಗುಂಟು?

ಗೊಂದಲ ಮೊದಲ ದಿನವೇ ಶುರುವಾಗಿತ್ತು. ವಡೋದರಾ ಸ್ಟೇಷನ್ನಿನಲ್ಲಿ ನಾನು ರೈಲಿನಿಂದ ಇಳಿದಾಗ, ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿದ್ದ ಅತ್ತೆ ಒಂದು ಕೈಯನ್ನು ಎದೆಗೊತ್ತಿ, ಇನ್ನೊಂದನ್ನು ಮುಂದೆ ಚಾಚಿ, ಕಣ್ಣಲ್ಲಿ ಧಾರೆಧಾರೆ ನೀರು ಸುರಿಸುತ್ತಾ ನಿಂತುಬಿಟ್ಟರು. ನಾನು ರೈಲಿನಲ್ಲಿದ್ದಾಗ ಊರಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ ಎಂದುಕೊಂಡು ಸೂಟ್‌ಕೇಸ್ ಎಳೆದುಕೊಂಡೇ ಓಡಿದೆ. ಬೆಂಚಿನ ಮೇಲೆ ಕೂತು ಖಾಕ್ರಾ ತಿನ್ನುತ್ತಿದ್ದ ಹೆಂಗಸೊಬ್ಬರು ಡಬ್ಬಿ ಮುಚ್ಚಿಟ್ಟು ಬಂದು ಅತ್ತೆಯ ಬೆನ್ನು ಸವರಿದರು. ಆಮೇಲೆ ವಿಚಾರಿಸಿದರೆ ಎಲ್ಲರೂ ಕ್ಷೇಮ, ಇದು ಆನಂದಬಾಷ್ಪ. ಸರಿ, ಹೊರಡೋಣ ಎಂದರೆ ಅತ್ತೆ ಮತ್ತೆ ಮೊದಲಿನ ಜಾಗಕ್ಕೇ ಹೋಗಿ ನಿಂತು, ಎದೆಗೆ ಕೈಯೊತ್ತಿ ಇನ್ನೊಮ್ಮೆ ಅಳತೊಡಗಿದರು. ಏನಾಯಿತು ಎಂದು ಕೇಳಿದೆ.

"ಮೊದಲ್ನೇ ಸಲ ನೀನು ಸೂಟ್‌ಕೇಸ್ ಕಡೆ ನೋಡ್ತಿದ್ದೆ, ಅರ್ಧ ನೋಡ್ಲೇ ಇಲ್ಲ ಕಣೇ," ಎಂದರು.

ಇದೆಲ್ಲ ನಡೆಯುವಾಗ ಪಕ್ಕದಲ್ಲಿ ಮಾವ ನಿಂತಿದ್ದರು. ಅವರು ನಿಂತಿದ್ದರು ಎನ್ನುವುದಕ್ಕಿಂತ ಹೆಚ್ಚಾಗಿ ಅವರ ಬಗ್ಗೆ ಏನೂ ಹೇಳಲಾಗುವುದಿಲ್ಲ. ಅತ್ತೆಯ ಮುಖದಲ್ಲಿ ನವರಸಗಳಿದ್ದರೆ ಮಾವನ ಮುಖದಲ್ಲಿ ಒಂದೂ ಇಲ್ಲ. ಕನ್ನಡಕ ಇಟ್ಟುಕೊಳ್ಳಲು ದೇವರು ಕೊಟ್ಟ ಜಾಗ ಅದು, ಅಷ್ಟೇ. ನೌಕರಿಯುದ್ದಕ್ಕೂ ಪ್ರೆಶರ್ ಗೇಜು ನೋಡಿದವರು. ಮುಳ್ಳು ಅಲ್ಲಾಡದಿದ್ದರೆ ಎಲ್ಲ ಸರಿಯಾಗಿದೆ ಎಂದು ತಿಳಿದವರು. ಅತ್ತೆಯ ಪ್ರತಿಯೊಂದು ನಾಟಕಕ್ಕೂ ಥರ್ಮಾಸ್ ಫ್ಲಾಸ್ಕ್ ಹಿಡಿದುಕೊಂಡು ಹೋಗುತ್ತಾರೆ, ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಮುಗಿದ ಮೇಲೆ "ಚೆನ್ನಾಗಿತ್ತು" ಎನ್ನುತ್ತಾರೆ. ಹಾಸ್ಯಕ್ಕೂ ಚೆನ್ನಾಗಿತ್ತು, ದುರಂತಕ್ಕೂ ಚೆನ್ನಾಗಿತ್ತು. ಒಮ್ಮೆ ರಂಗದ ಮೇಲಿನ ಪರದೆ ಕಳಚಿಕೊಂಡು ರಾಜನ ತಲೆಯ ಮೇಲೆ ಬಿದ್ದು ನಾಟಕವೇ ನಿಂತುಹೋದಾಗಲೂ ಚೆನ್ನಾಗಿತ್ತು ಎಂದರಂತೆ. ಅಡ್ಡಗೋಡೆಯ ಮೇಲೆ ದೀಪ ಇಡುವುದಾದರೂ ಒಂದು ಅಭಿಪ್ರಾಯ, ಇವರು ದೀಪವನ್ನೇ ಹಚ್ಚುವವರಲ್ಲ.

ಅತ್ತೆಯ ಕಷ್ಟ ಏನೆಂದರೆ ಅವರು ಕಲಿತ ವಿದ್ಯೆ. ಭರತನಾಟ್ಯದಲ್ಲಿ ಪದ ಎಂದು ಒಂದು ಬಗೆ ಇದೆಯಲ್ಲ, ಅದರಲ್ಲಿ ಹಾಡುವವರು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಕುಣಿಯುವವಳು ಪ್ರತಿ ಸಲವೂ ಬೇರೆ ಭಾವ ತೋರಿಸಬೇಕು. "ಅವನು ಬರಲಿಲ್ಲ" ಎಂದರೆ ಒಮ್ಮೆ ಕಾತರ, ಒಮ್ಮೆ ಅನುಮಾನ, ಒಮ್ಮೆ ಸಿಟ್ಟು, ಒಮ್ಮೆ ಬಂದರೂ ಬಾಗಿಲು ತೆಗೆಯೆನೆಂಬ ಬಿಗುಮಾನ. ಒಂದು ಸಲ ತೋರಿಸಿದ್ದನ್ನೇ ಇನ್ನೊಂದು ಸಲ ತೋರಿಸಿದರೆ ಗುರುಗಳು ತಾಳದ ಕಟ್ಟಿಗೆಯನ್ನು ಎಸೆಯುತ್ತಿದ್ದರಂತೆ. ಆ ಕಟ್ಟಿಗೆಯ ಭಯ ಅತ್ತೆಗೆ ಇನ್ನೂ ಹೋಗಿಲ್ಲ.

ನಮ್ಮ ಮನೆಯಲ್ಲಿ ಬಾರದವನು ಹಾಲಿನವನು. ಬೈಕಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಬರುವ, ದೊಡ್ಡ ಮೀಸೆಯ ಮುದುಕ. ಒಂದು ದಿನ ಬಹಳ ತಡಮಾಡಿದ. ಅತ್ತೆ ಬಾಲ್ಕನಿಯಲ್ಲಿ ನಿಂತು ಅವನು ಬರಲಿಲ್ಲ ಎಂದರು, ಕಣ್ಣಿಗೆ ಕೈ ಅಡ್ಡ ಹಿಡಿದು ದಾರಿ ನೋಡಿದರು. ಕಂಬಕ್ಕೊರಗಿ ಅವನು ಬರಲಿಲ್ಲ ಎಂದು ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಅವನು ಬಂದ. ಬಾಗಿಲು ತೆರೆದ ಅತ್ತೆ ಅವನ ಅಂಗಿಯ ಮೇಲಿನ ಹಾಲಿನ ಕಲೆಯನ್ನು ದಿಟ್ಟಿಸಿ ನೋಡಿ, ಬೇರೆಯವರ ಮನೆಯ ಪಾತ್ರೆಗೆ ಸುರಿದ ಗುರುತು ಇದೆಂದು ಒಂದು ಹುಬ್ಬು ಮೇಲೆತ್ತಿ, ತುಟಿ ಕಚ್ಚಿ, ಮುಖ ತಿರುಗಿಸಿದರು. ಪಾಪ, ಅವನಿಗೆ ಎಪ್ಪತ್ತರ ಹತ್ತಿರ. ಬೇರೊಬ್ಬಳ ಗುರುತು ಹೊತ್ತು ಬಂದ ನಲ್ಲನ ಮೇಲೆ ಮುನಿಯುವವಳನ್ನು ಶಾಸ್ತ್ರದಲ್ಲಿ ‘ಖಂಡಿತಾ’ ನಾಯಿಕೆ ಎನ್ನುತ್ತಾರೆಂದು ಅವನಿಗೇನು ಗೊತ್ತು? ಆದರೆ ತಾನೇನೋ ಘೋರ ಅಪರಾಧ ಮಾಡಿದ್ದೇನೆಂದು ಮಾತ್ರ ಚೆನ್ನಾಗಿ ಗೊತ್ತಾಯಿತು. ಮರುದಿನದಿಂದ ಇಡೀ ಬೀದಿಯಲ್ಲಿ ಮೊದಲ ಹಾಲು ನಮ್ಮ ಮನೆಗೆ!

ರಂಗದ ಮೇಲೆ ಈ ವಿದ್ಯೆ ಅವರನ್ನು ಎತ್ತಿಹಿಡಿಯಿತು. ಒಂದೇ ನಾಟಕವನ್ನು ಜನ ಎರಡೆರಡು ಸಲ ನೋಡಲು ಬರುತ್ತಿದ್ದರಂತೆ, ಅತ್ತೆ ಇವತ್ತು ಏನು ಮಾಡುತ್ತಾರೋ ಎಂದು. ಜೊತೆಯ ನಟರಿಗೂ ಅದೇ ಕುತೂಹಲ, ಆದರೆ ಸ್ವಲ್ಪ ನಡುಕದೊಂದಿಗೆ. ಸಿನಿಮಾದವರು ಕರೆದದ್ದು ದೇವಿಯ ಪಾತ್ರಕ್ಕೆ. ದೇವಿಗೆ ಕೆಲಸ ಬಹಳ ಕಡಿಮೆ, ಅಭಯಹಸ್ತ ಎತ್ತಿ ಮುಗುಳುನಗುತ್ತಾ ನಿಂತರೆ ಸಾಕು. ಸುಮ್ಮನೆ ನಿಲ್ಲುವುದು ಅತ್ತೆಗೆ ಗೊತ್ತಿಲ್ಲ. ಭಕ್ತ ಕಷ್ಟ ಹೇಳಿಕೊಳ್ಳುವಾಗ ಕರುಣೆ ತೋರಿಸಿದರು, ಅವನ ಶತ್ರುಗಳ ಹೆಸರು ಬಂದಾಗ ರೌದ್ರ ತೋರಿಸಿದರು, ಅವನು ಮೂರು ದಿನದಿಂದ ಸ್ನಾನ ಮಾಡಿಲ್ಲವೆಂದಾಗ ಬೀಭತ್ಸವನ್ನೂ ತೋರಿಸಿದರು. ಭಕ್ತನ ಪಾತ್ರದವನು ಮಾತು ಮರೆತ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕುಣಿಯಬಲ್ಲ ನಮ್ಮ ಅತ್ತೆ ಕ್ಯಾಮೆರಾನೇ ಡೊಂಕು ಎಂದು ಹೇಳಿ ಮನೆಗೆ ಬಂದರು.

ಧಾರಾವಾಹಿಯ ಕಥೆ ಇನ್ನೂ ಸೊಗಸು. ಅಹಮದಾಬಾದಿನ ಸ್ಟುಡಿಯೋ ಒಂದರಲ್ಲಿ ಚಿತ್ರೀಕರಣ. ಅತ್ತೆಯದು ಒಳ್ಳೆಯ ಅತ್ತೆಯ ಪಾತ್ರ, ಒಂದು ಕಂತಿನಲ್ಲಿ ಮಗ ಸತ್ತ ಸುದ್ದಿ ಬರುತ್ತದೆ. ಧಾರಾವಾಹಿಯವರ ಪದ್ಧತಿ ಗೊತ್ತಲ್ಲ, ಒಂದೇ ನೋಟವನ್ನು ದೂರದಿಂದ, ಹತ್ತಿರದಿಂದ, ಪಕ್ಕದಿಂದ ಬೇರೆ ಬೇರೆಯಾಗಿ ತೆಗೆದು ಆಮೇಲೆ ಜೋಡಿಸುತ್ತಾರೆ. ಅದಕ್ಕೇ ಪ್ರತಿ ಸಲವೂ ನಟರು ಮಾಡಿದ್ದನ್ನೇ ಮಾಡಬೇಕು. ನಿರ್ದೇಶಕರು ಅತ್ತೆಗೆ ಅದನ್ನೇ ಇನ್ನೊಮ್ಮೆ ಮಾಡಿ ಎಂದು ಕೈಮುಗಿದು ಕೇಳಿದರಂತೆ. ಮಾಡಿದ್ದನ್ನೇ ಮಾಡಲು ತಾನೇನು ಮಿಕ್ಸಿಯೇ ಎಂದರಂತೆ ಅತ್ತೆ. ಕಂತು ಪ್ರಸಾರವಾಯಿತು. ಸುದ್ದಿ ಕೇಳಿದ ತಾಯಿ ದೂರದ ನೋಟದಲ್ಲಿ ಕುಸಿದಳು, ಹತ್ತಿರದ ನೋಟದಲ್ಲಿ ಹಲ್ಲು ಕಡಿದಳು, ಪಕ್ಕದ ನೋಟದಲ್ಲಿ ಅವಳ ತುಟಿಯಂಚಿನಲ್ಲಿ ಒಂದು ಸಣ್ಣ ನಗೆ! ಮಗನ ಬಾಲಲೀಲೆ ನೆನೆದು ನಕ್ಕದ್ದಂತೆ ಅದು. ನೋಡಿದವರಿಗೆ ಹಾಗೆ ಕಾಣಬೇಕಲ್ಲ? ಮಗನನ್ನು ಇವಳೇ ಕೊಲ್ಲಿಸಿದ್ದಾಳೆಂದು ಊರೆಲ್ಲ ಗುಲ್ಲಾಯಿತು. ನಿರ್ಮಾಪಕರು ಒಂದು ರಾತ್ರಿ ಯೋಚಿಸಿ, ಹೌದು, ಇವಳೇ ಕೊಲ್ಲಿಸಿದ್ದು ಎಂದು ಕಥೆಯನ್ನೇ ತಿರುಗಿಸಿಬಿಟ್ಟರು. ಒಳ್ಳೆಯ ಅತ್ತೆ ಆರು ಕಂತಿನಲ್ಲಿ ಮುಗಿಯಬೇಕಿತ್ತು, ಕೆಟ್ಟ ಅತ್ತೆ ವರ್ಷಗಟ್ಟಲೆ ಓಡಿದಳು.

ಆಮೇಲೆ ವಯಸ್ಸಾಯಿತು. ಧಾರಾವಾಹಿಗಳಲ್ಲಿ ಅತ್ತೆ ಅಜ್ಜಿಯಾದರು, ಅಜ್ಜಿಯಿಂದ ಹಾಸಿಗೆ ಹಿಡಿದ ಅಜ್ಜಿಯಾದರು, ಕೊನೆಗೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಆದರು. ನಿಜವಾಗಿಯೂ! ಒಂದು ಧಾರಾವಾಹಿಯವರು ಸತ್ತುಹೋದ ಹಿರಿಯಳ ಚಿತ್ರಕ್ಕೆಂದು ಇವರ ಮುಖ ಬೇಕೆಂದು ಕೇಳಿಕೊಂಡು ಬಂದರು. ಅತ್ತೆ ಅದಕ್ಕೂ ತಯಾರಿ ಮಾಡಿಕೊಂಡು ಹೋದರು. ಸತ್ತವಳು ಸೊಸೆಯನ್ನು ಕ್ಷಮಿಸಿ ಸತ್ತಳೋ, ಕ್ಷಮಿಸದೆ ಸತ್ತಳೋ ಎಂದು ಅವರು ಕೇಳಿದ್ದಕ್ಕೆ ಫೋಟೋದವನು ಗದ್ದ ಸ್ವಲ್ಪ ಮೇಲೆ ಎಂದನಂತೆ. ಮನೆಗೆ ಬಂದ ಮೇಲೆ ಅವರು ನಗುತ್ತಲೇ ಇದನ್ನೆಲ್ಲ ಹೇಳಿದರು. ಆದರೆ ಅವತ್ತು ಊಟ ಸರಿಯಾಗಿ ಮಾಡಲಿಲ್ಲ, ಅದು ಯಾವ ರಸವೋ ನನಗೆ ತಿಳಿಯಲಿಲ್ಲ.

ಇಂಥ ಹೊತ್ತಿನಲ್ಲಿ ಬಂತು ನೋಡಿ ಹೊಸ ನಾಟಕ. ಹಾಸ್ಯನಾಟಕ, ಮುಖ್ಯ ಪಾತ್ರವೇ ಅಜ್ಜಿಯದು. ಇಲ್ಲಿ ಮನೆಯ ಹಿರಿಯ ಹೆಂಗಸನ್ನು ಬಾ ಎನ್ನುತ್ತಾರೆ. ಆ ಬಾ ಕೂತಲ್ಲೇ ಊರಿನವರ ಮದುವೆ ಕುದುರಿಸುವ ಗಟ್ಟಿಗಿತ್ತಿ. ಹೆಣ್ಣನ್ನು ಕಳಿಸಿಕೊಡುವಾಗ ಅಳುವವರನ್ನು ಕಂಡರೆ ಅವಳಿಗೆ ಆಗದು. ತನ್ನ ಮೊಮ್ಮಗಳ ಮದುವೆಯಲ್ಲಿ ಒಂದು ಹನಿಯನ್ನೂ ಹಾಕುವುದಿಲ್ಲವೆಂದು ಮನೆಯವರೆಲ್ಲರ ಎದುರು ಪಂಥ ಕಟ್ಟಿರುತ್ತಾಳೆ. ಕೊನೆಯ ದೃಶ್ಯದಲ್ಲಿ ಮೊಮ್ಮಗಳು ಹೊರಟುಹೋಗುತ್ತಾಳೆ, ರಂಗದ ಮೇಲೆ ಬಾ ಒಬ್ಬಳೇ. ಒಂದೂ ಮಾತಿಲ್ಲ. ಗೆದ್ದೆನೆಂದು ನಗಬೇಕು, ನಗು ಅಳುವಾಗಬೇಕು, ದೀಪ ಆರಬೇಕು. ಅತ್ತೆ ಆ ಪುಟವನ್ನು ನನಗೆ ಓದಿ ಹೇಳಿ, ತನ್ನನ್ನು ಈ ಮುಖಕ್ಕೋಸ್ಕರ ಕರೆದಿದ್ದಾರೆ ಎಂದರು. ಅವರು ಎಷ್ಟು ಆಸೆಪಟ್ಟಿದ್ದರೆಂದರೆ, ಅದನ್ನು ಹೇಳುವಾಗ ಏನೂ ಅಭಿನಯ ಮಾಡಲಿಲ್ಲ.

ತಾಲೀಮಿನಲ್ಲಿ ಮಾಮೂಲಿನ ಜಗಳ. ಕೊನೆಯ ದೃಶ್ಯವನ್ನು ಅತ್ತೆ ಒಂದು ದಿನ ಮಾಡಿದಂತೆ ಇನ್ನೊಂದು ದಿನ ಮಾಡಲಿಲ್ಲ. ದೀಪದವನು ಯಾವಾಗ ದೀಪ ಆರಿಸುವುದೆಂದು ತಿಳಿಯದೆ ಒಮ್ಮೆ ನಗುವಾಗಲೇ ಕತ್ತಲೆ ಮಾಡಿದ. ನಿರ್ಮಾಪಕರು ಖಡಾಖಂಡಿತವಾಗಿ ಹೇಳಿದರು: ಮೊದಲ ಪ್ರಯೋಗ ಭಾನುವಾರ ಮಧ್ಯಾಹ್ನ ಸೂರತ್‌ನಲ್ಲಿ, ಸೂರತ್ತಿನವರು ಒಪ್ಪಿದರೆ ಅಹಮದಾಬಾದ್, ಆಮೇಲೆ ಎಲ್ಲ ಕಡೆ, ಅಲ್ಲಿ ಎಡವಟ್ಟಾದರೆ ಬಾ ಪಾತ್ರಕ್ಕೆ ಬದಲಿ ನಟಿ ತಯಾರಿದ್ದಾಳೆ. ಬದಲಿ ನಟಿಗೆ ಮೂವತ್ತೂ ಆಗಿರಲಿಲ್ಲ. ಆದರೆ ಹೇಳಿದ್ದನ್ನು ಹೇಳಿದಂತೆ ಮಾಡುತ್ತಿದ್ದಳು.

ಆ ವಾರವೇ ಗುರುವಾರ ಬೆಳಗ್ಗೆ ಅತ್ತೆ ಕಾಫಿ ಕುಡಿಯಲು ಬಂದು ಕೂತರು. ಅವರ ಬಲಗಡೆಯ ಮುಖ ನಗುತ್ತಿತ್ತು, ಎಡಗಡೆಯದು ಸುಮ್ಮನಿತ್ತು. ನಾನು ಲೋಟ ಕೆಳಗಿಟ್ಟು ನೋಡಿದೆ. ಅಬ್ಬಾ, ಎಂಥ ಹಿಡಿತ! ಒಂದು ಹುಬ್ಬು ಮೇಲೆ, ಇನ್ನೊಂದು ಕದಲದು. ಕಾಫಿ ಬೇರೆ ಎಡತುಟಿಯ ಕೊನೆಯಿಂದ ಸಣ್ಣಗೆ ಇಳಿಯುತ್ತಿತ್ತು. ಮುದುಕಿಯ ಪಾತ್ರಕ್ಕೆ ಇದಕ್ಕಿಂತ ಸೂಕ್ಷ್ಮವಾದ ವಿವರ ಯಾರಿಗೆ ಹೊಳೆದೀತು? ನಾನು ಚಪ್ಪಾಳೆಯನ್ನೇ ತಟ್ಟಿದೆ. ಮಾವ ಪೇಪರಿನ ಮೇಲಿನಿಂದ ಒಮ್ಮೆ ನೋಡಿ, ಮದುವೆಯಾದಂದಿನಿಂದ ಮೊದಲನೇ ಬಾರಿಗೆ ಒಂದು ವಿಮರ್ಶೆ ಮಾಡಿದರು.

"ಎಡಗಡೆ ಸ್ವಲ್ಪ ಜಾಸ್ತಿ ಆಯ್ತೇನೋ."

"ನಾನೇನೂ ಮಾಡ್ತಿಲ್ಲ ಕಣ್ರೀ," ಎಂದರು ಅತ್ತೆ. ಅಕ್ಷರಗಳು ತುಟಿಯಲ್ಲಿ ಜಾರುತ್ತಿದ್ದವು.

ಇದನ್ನೂ ನಾವು ಮೆಚ್ಚಿಕೊಂಡೆವು! ಯಾಕೆ ಮೆಚ್ಚಿಕೊಳ್ಳಬಾರದು? ಹಿಂದೊಮ್ಮೆ ಜ್ವರದ ಅಭಿನಯ ಮಾಡಿ ಡಾಕ್ಟರನ್ನೇ ಮನೆಗೆ ಕರೆಸಿದವರು ಇವರು. ಆಮೇಲೆ ನಿಜವಾಗಿ ಜ್ವರ ಬಂದಾಗ ಮಾವ ಅವರನ್ನು ತರಕಾರಿಗೆ ಕಳಿಸಿದ್ದರು. ಅತ್ತೆ ಮತ್ತೆ ಏನೋ ಹೇಳಹೋದರು, ಕೈಯಾಡಿಸಿದರು, ನಾನು ಇನ್ನಷ್ಟು ಹೊಗಳಿದೆ. ಅಷ್ಟರಲ್ಲಿ ಮಾವ ಪೇಪರು ಮಡಿಸಿಟ್ಟು ಎದ್ದು ಬಂದು ಅತ್ತೆಯ ಮುಂದೆ ಬಗ್ಗಿ ನಿಂತರು. ಎಡಗಣ್ಣಿನ ಹತ್ತಿರ ಕೈ ಬೀಸಿದರು. ಬಲಗಣ್ಣು ಮಿಟುಕಿತು, ಎಡಗಣ್ಣು ಮಿಟುಕಲಿಲ್ಲ.

"ಇದು ಆಕ್ಟಿಂಗ್ ಅಲ್ಲ," ಎಂದು ನನ್ನ ಕಡೆ ತಿರುಗಿದರು. "ಹೋಗಿ ಆಟೋ ಕರ್ಕೊಂಡು ಬಾಮ್ಮ."

ನಾನು ಚಪ್ಪಲಿ ಹಾಕಿಕೊಳ್ಳದೆ ಬೀದಿಗೆ ಓಡಿದೆ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು, ಬಹಳ ಗಂಭೀರ. ಹುಬ್ಬು ಏರಿಸಿ ಎಂದರು, ಕೆನ್ನೆ ಉಬ್ಬಿಸಿ ಎಂದರು, ನಗಿ ಎಂದರು. ಎಂಥ ನಗು ಎಂದು ಅತ್ತೆ ಕೇಳಿದರು. ಡಾಕ್ಟರಿಗೆ ಗೊಂದಲವಾಯಿತು, ಅಂತೂ ಈ ಗೊಂದಲದಲ್ಲಿ ನನಗೊಬ್ಬರು ಜೊತೆಯಾದರು. ಸ್ಕ್ಯಾನ್ ಎಲ್ಲ ಆದ ಮೇಲೆ ಅವರು ಹೇಳಿದ್ದು ಇಷ್ಟು: ಮೆದುಳಿಗೆ ಏನೂ ಆಗಿಲ್ಲ, ಕಿವಿಯ ಹಿಂದಿನಿಂದ ಮುಖಕ್ಕೆ ಬರುವ ನರ ಊದಿಕೊಂಡಿದೆ. ಮಾತ್ರೆಯಿಂದ ವಾಸಿಯಾಗುತ್ತದೆ, ಕೆಲವರಿಗೆ ಕೆಲವು ವಾರ, ಕೆಲವರಿಗೆ ಇನ್ನೂ ಹೆಚ್ಚು, ಯಾರಿಗೋ ಒಬ್ಬರಿಗೆ ಪೂರ್ತಿ ಹಿಂದಿನಂತೆ ಆಗದೆಯೂ ಇರಬಹುದು. ರೆಪ್ಪೆ ಮುಚ್ಚದ ಕಾರಣ ಎಡಗಣ್ಣಿಗೆ ಗಾಳಿ ಧೂಳು ತಗುಲದಂತೆ ಜೋಪಾನ ಮಾಡಬೇಕು, ಮಲಗುವಾಗ ಅಂಟುಪಟ್ಟಿ ಹಾಕಿ ಮುಚ್ಚಬೇಕು. ಜೊತೆಗೆ ದಿನಾ ಕನ್ನಡಿಯ ಮುಂದೆ ಕೂತು ಹುಬ್ಬು, ಕೆನ್ನೆ, ತುಟಿಗಳಿಗೆ ಒಂದಷ್ಟು ಹೊತ್ತು ವ್ಯಾಯಾಮ ಕೊಡುವ ಅಭ್ಯಾಸ ಮಾಡಿಕೊಳ್ಳಬೇಕು. ಮಾವ ಅದನ್ನು ಶ್ರದ್ಧೆಯಿಂದ ಕೇಳಿ, ಆ ಅಭ್ಯಾಸ ಮದುವೆಗೆ ಮುಂಚಿನಿಂದಲೂ ಇದೆ ಎಂದು ತಿಳಿಸಿದರು.

ಆದರೆ ಮನೆಗೆ ಬಂದ ಅತ್ತೆ ಕನ್ನಡಿಯ ಮುಂದೆ ಹೋಗಲಿಲ್ಲ. ಮರುದಿನ ಹಾಲಿನವನು ಅಪರೂಪಕ್ಕೆ ತಡವಾಗಿ ಬಂದ, ಅತ್ತೆ ಸುಮ್ಮನೆ ಪಾತ್ರೆ ಹಿಡಿದರು. ಅವನು ಬೆಪ್ಪಾಗಿ, ಬಹೆನ್‌ಗೆ ನನ್ನ ಮೇಲೆ ಕೋಪವೇ ಎಂದು ನನ್ನನ್ನು ಕೇಳಿದ. ಮನೆಯಲ್ಲಿ ಒಂದು ಮುಖ ಇಷ್ಟು ಶಬ್ದ ಮಾಡುತ್ತಿತ್ತೆಂದು ನನಗೆ ಅದು ನಿಂತ ಮೇಲೆ ಗೊತ್ತಾಯಿತು. ನನಗೆ ಭಯವಾಗಿತ್ತು. ಮುಖದ ನರದ್ದಲ್ಲ, ಈ ಪಾತ್ರ ಕೈತಪ್ಪಿದರೆ ಅತ್ತೆ ಮತ್ತೆ ಏಳುವುದಿಲ್ಲ ಎಂಬ ಭಯ. ಶನಿವಾರ ಸಂಜೆ ನಾನೇ ಧೈರ್ಯ ಮಾಡಿ, ನಿರ್ಮಾಪಕರಿಗೆ ಫೋನ್ ಮಾಡಿ ಬೇಡವೆಂದು ಹೇಳಿಬಿಡಲೇ ಎಂದು ಕೇಳಿದೆ. ಅತ್ತೆ ತಮ್ಮ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿಕೊಂಡರು.

"ಮುಖ ಕೈಕೊಡ್ತು ಅಂತ ಕೈನೂ ಕೂತ್ಕೋಬೇಕೇನೇ?" ಎಂದರು. "ನಾಳೆ ಹೋಗೋಣ."

ಸೂರತ್ತಿನ ಸಭಾಂಗಣ ತುಂಬಿತ್ತು. ಊರ ಹೊರಗಿನ ಸಚಿನ್ ಎಂಬ ಜಾಗದ ಜವಳಿ ಕಾರ್ಖಾನೆಗಳ ಯಜಮಾನರದೊಂದು ಬಳಗ, ಇಡೀ ಪ್ರಯೋಗವನ್ನೇ ಕೊಂಡುಕೊಂಡು ಮಕ್ಕಳುಮರಿಗಳೊಂದಿಗೆ ಬಂದಿತ್ತು. ಮಧ್ಯಂತರದ ಬಟಾಟಾವಡೆಯ ವಾಸನೆ ಆಗಲೇ ಹರಡಿತ್ತು. ಬಣ್ಣದ ಕೋಣೆಯಲ್ಲಿ ಅತ್ತೆಯ ಮುಖ ನೋಡಿದ ನಿರ್ಮಾಪಕರು ತಕ್ಷಣ ಬದಲಿ ನಟಿಗೆ ಸನ್ನೆ ಮಾಡಿದರು. ಅವಳು ಆಗಲೇ ಬಿಳಿ ಕೂದಲು, ಬಿಳಿ ಸೀರೆಯಲ್ಲಿ ತಯಾರಾಗಿ ಕೂತಿದ್ದಳು. ಅತ್ತೆಯೂ ಅದೇ ಬಿಳಿ ಕೂದಲು, ಅದೇ ಸೀರೆ. ಒಂದು ಕ್ಷಣ ಒಂದೇ ಕೋಣೆಯಲ್ಲಿ ಇಬ್ಬರು ಬಾ! ಅತ್ತೆ ನಿರ್ಮಾಪಕರಿಗೆ ಒಂದು ಒಪ್ಪಂದ ಹೇಳಿದರು. ಮೊದಲ ಅಂಕ ತನ್ನದು. ಸೂರತ್ತಿನವರು ನಗದಿದ್ದರೆ ಮಧ್ಯಂತರದ ನಂತರ ಹುಡುಗಿಯನ್ನು ಕಳಿಸಲಿ, ಸೀರೆ ಒಂದೇ ಆದ್ದರಿಂದ ವಡೆ ತಿಂದು ಬಂದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಿರ್ಮಾಪಕರು ಗಡಿಯಾರ ನೋಡಿ, ಬೇರೆ ದಾರಿಯಿಲ್ಲದೆ ಒಪ್ಪಿದರು.

ನಾನು ಮಾವನ ಪಕ್ಕ ಮುಂದಿನ ಸಾಲಿನಲ್ಲಿ ಕೂತೆ. ಪರದೆ ಎದ್ದಿತು. ಅತ್ತೆ ಬಲಗೈಯಲ್ಲಿ ಸೆರಗಿನ ಚುಂಗು ಹಿಡಿದು ಎಡತುಟಿಯ ಕೊನೆಯನ್ನು ಒತ್ತಿಕೊಂಡೇ ಮಾತಾಡಿದರು; ಹಾಗೆ ಒತ್ತಿದರೆ ಅಕ್ಷರ ಜಾರುತ್ತಿರಲಿಲ್ಲ. ಅಡಿಕೆ ಬಾಯಲ್ಲಿಟ್ಟುಕೊಂಡ ಜಂಬದ ಮುದುಕಿಯ ವರಸೆ ಅದು ಎಂದು ಜನ ತಿಳಿದರು. ಎಡಗೈ ಮಾತ್ರ ಬಿಡುವಿಲ್ಲದೆ ಆಡಿತು. ಗಂಡಿನವರ ಜಿಪುಣತನ ಬೆರಳಲ್ಲಿ, ಹೆಣ್ಣಿನವರ ಬಿಂಕ ಮಣಿಕಟ್ಟಿನಲ್ಲಿ, ಬೀಗರ ಜಗಳ ಎರಡು ಬೆರಳುಗಳ ನಡುವೆ. ಮೊದಲ ನಗು ಹಿಂದಿನ ಸಾಲಿನಿಂದ ಬಂತು. ಆಮೇಲೆ ಸೂರತ್ತಿನವರು ನಗುವುದನ್ನು ನಿಲ್ಲಿಸಲೇ ಇಲ್ಲ. ಮಧ್ಯಂತರದಲ್ಲಿ ಬದಲಿ ನಟಿ ಬಿಳಿ ಕೂದಲು ಬಿಚ್ಚಿಟ್ಟು ವಡೆ ತಿನ್ನುತ್ತಿದ್ದುದನ್ನು ನಾನೇ ಕಂಡೆ.

ಆದರೆ ಕೊನೆಯ ದೃಶ್ಯಕ್ಕೆ ಕೈ ಸಾಲದು, ಮುಖವೇ ಬೇಕು. ಮೊಮ್ಮಗಳು ಹೊರಟಳು. ಬಾ ಸೆರಗನ್ನು ಕೆಳಗೆ ಬಿಟ್ಟು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಕಡೆ ತಿರುಗಿದಳು. ಬಲಗಡೆಯ ಮುಖ ಗೆದ್ದ ಖುಷಿಯಲ್ಲಿ ನಕ್ಕಿತು. ಎಡಗಡೆಯದು ನಗಲಿಲ್ಲ. ಮುಚ್ಚಲಾಗದ ಆ ಎಡಗಣ್ಣಿನಿಂದ ದೀಪದ ಬಿಸಿಗೋ ಏನೋ ನೀರು ಇಳಿಯತೊಡಗಿತು. ದೀಪದವನಿಗೆ ಯಾವಾಗ ಆರಿಸಬೇಕೆಂದು ಅವತ್ತು ಯಾರೂ ಹೇಳಿಕೊಡಬೇಕಾಗಲಿಲ್ಲ. ಕತ್ತಲಲ್ಲಿ ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ ಮತ್ತೆ ಬೆಳಕು ಬಂದಾಗ ಜನ ಎದ್ದು ನಿಂತಿದ್ದರು.

ಬಳಗದ ಅಧ್ಯಕ್ಷರು ರಂಗದ ಮೇಲೆ ಬಂದು ಶಾಲು ಹೊದಿಸಿ ಭಾಷಣ ಮಾಡಿದರು. ಅರ್ಧ ಮುಖದಲ್ಲಿ ನಗು, ಅರ್ಧ ಮುಖದಲ್ಲಿ ಅಳು, ಇದು ಶಾಸ್ತ್ರೀಯವಾಗಿ ಕಲಿತವರಿಗೆ ಮಾತ್ರ ಸಾಧ್ಯ, ಈಗಿನ ಹುಡುಗಿಯರಿಗೆ ಇಂಥ ಸಾಧನೆ ಎಲ್ಲಿಂದ ಬರಬೇಕು ಎಂದರು. ನಾವು ಮನೆಯಲ್ಲಿ ಮಾಡಿದ ತಪ್ಪನ್ನು ಈಗ ಇಡೀ ಸೂರತ್ ಮಾಡುತ್ತಿತ್ತು! ಬದಲಿ ನಟಿ ಬಂದು ಕಾಲಿಗೆ ನಮಸ್ಕರಿಸಿ, ಆ ಎಡಗಡೆಯದನ್ನು ತನಗೂ ಹೇಳಿಕೊಡಬೇಕೆಂದು ಕೇಳಿದಳು. ನಿರ್ಮಾಪಕರಂತೂ ಕರಗಿ ನೀರಾಗಿದ್ದರು. ಮುಂದಿನ ವಾರ ಅಹಮದಾಬಾದಿನಲ್ಲೂ ಇದನ್ನೇ ಮಾಡಿ, ದಯವಿಟ್ಟು ಏನನ್ನೂ ಬದಲಾಯಿಸಬೇಡಿ ಎಂದರು. ಇದು ವಾಸಿಯಾಗುವ ಕಾಯಿಲೆ ಎಂದು ನಾನು ನೆನಪಿಸಿದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಎಷ್ಟು ದಿನ ಇರಬಹುದು ಎಂದು ಬಹಳ ಆಸೆಯಿಂದ ಕೇಳಿದರು.

ಸಂಜೆಯ ರೈಲಿನಲ್ಲಿ ವಾಪಸು ಹೊರಟೆವು. ಎಸಿ ಬೋಗಿಯಲ್ಲಿ ಜಾಗ ಸಿಗದೆ, ಕಿಟಕಿ ತೆರೆದ ಸಾದಾ ಬೋಗಿಯಲ್ಲಿ ಕೂತಿದ್ದೆವು. ಅತ್ತೆ ಮತ್ತು ಮಾವ ಒಂದು ಕಡೆ, ನಾನು ಎದುರಿಗೆ. ಗೆದ್ದು ಬಂದವರ ಮಾತು ಕೇಳಬೇಕೆಂದು ನಾನು ಕಾದೆ. ಅತ್ತೆ ಶಾಲನ್ನು ಮಡಿಸಿ ತೊಡೆ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಒಂದಷ್ಟು ದೂರ ಹೋದ ಮೇಲೆ ಮೆಲ್ಲಗೆ ಹೇಳಿದರು.

"ಇಷ್ಟು ವರ್ಷ ಕಲ್ತಿದ್ದಕ್ಕೆ ಯಾರೂ ಎದ್ದು ನಿಂತಿರಲಿಲ್ಲ. ಕೆಟ್ಟುಹೋಗಿದ್ದಕ್ಕೆ ನಿಂತ್ರು." ಆಮೇಲೆ ಮಾವನ ಕಡೆ ತಿರುಗದೆ ಕೇಳಿದರು, "ರೀ, ಇದು ವಾಪಸ್ ಬರದೇ ಹೋದ್ರೆ?"

ಮಾವ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದವರು ನಿಲ್ಲಿಸಿದರು. ಎಂದಿನ ಮುಖ, ಏನೂ ಗೊತ್ತಾಗುವಂತಿರಲಿಲ್ಲ.

"ಬರತ್ತೆ," ಎಂದರು. ಮುಚ್ಚಳವನ್ನು ಮತ್ತೆ ಬಿಗಿ ಮಾಡಿ, "ಬರದಿದ್ರೂ ನಂಗೆ ಸಾಕು ಕಣೇ. ನೀನು ಪೂರ್ತಿ ಇದ್ದಾಗ್ಲೂ ನಂಗೆ ಅರ್ಥ ಆಗ್ತಿದ್ದಿದ್ದು ಅರ್ಧಾನೇ," ಎಂದರು.

ಅತ್ತೆ ನಕ್ಕರೋ ಅತ್ತರೋ, ಕಿಟಕಿಯ ಕಡೆಗೆ ಮುಖವಿದ್ದುದರಿಂದ ನನಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರ ತಲೆ ಮಾವನ ಹೆಗಲಿಗೆ ವಾಲಿತು. ಬಲಗಣ್ಣು ಮುಚ್ಚಿತ್ತು, ಎಡಗಣ್ಣು ತೆರೆದೇ ಇತ್ತು. ಕಿಟಕಿಯಿಂದ ಗಾಳಿಯೊಂದಿಗೆ ಹೊಲದ ಧೂಳು ನುಗ್ಗುತ್ತಿತ್ತು. ಕಿಟಕಿ ಎಳೆಯೋಣವೆಂದರೆ ಅದು ತುಕ್ಕು ಹಿಡಿದು ಕದಲಲಿಲ್ಲ. ಮಾವ ಜೇಬು ತಡಕಿದರು, ಅಂಟುಪಟ್ಟಿ ಮನೆಯಲ್ಲೇ ಉಳಿದಿತ್ತು. ಅವರು ತಮ್ಮ ಬಲಗೈಯನ್ನು ಕರವಸ್ತ್ರದಲ್ಲಿ ಚೆನ್ನಾಗಿ ಒರೆಸಿಕೊಂಡು, ಒಂದು ಬೆರಳಿನಿಂದ ಅತ್ತೆಯ ಎಡರೆಪ್ಪೆಯನ್ನು ಮೆಲ್ಲಗೆ ಕೆಳಗೆ ಇಳಿಸಿ, ಅದರ ಮೇಲೆ ಅಂಗೈ ಮುಚ್ಚಿ ಹಿಡಿದರು. ಚಹಾದವನು ಬಂದು ಹೋದ. ನರ್ಮದೆಯ ಸೇತುವೆ ಬಂತು, ಭರೂಚ್ ಬಂತು. ಕೈ ನೋಯುತ್ತಿರಬೇಕು, ನಾನು ಹಿಡಿಯಲೇ ಎಂದು ಸನ್ನೆಯಲ್ಲಿ ಕೇಳಿದೆ. ಬೇಡವೆಂದು ತಲೆಯಾಡಿಸಿದರು.

ಅತ್ತೆ ನಿಜವಾಗಿ ನಿದ್ದೆ ಮಾಡಿದ್ದರೋ, ಆ ಕೈ ಅಲ್ಲೇ ಇರಲಿ ಎಂದು ನಿದ್ದೆಯ ಅಭಿನಯ ಮಾಡುತ್ತಿದ್ದರೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮಾವನಿಗೂ ಗೊತ್ತಾದಂತೆ ಕಾಣಲಿಲ್ಲ. ವಡೋದರಾ ಬರುವವರೆಗೂ ಅವರು ಕೈ ತೆಗೆಯಲಿಲ್ಲ.